ನೆಲ ನಿಜವಾಗಿಯೂ ಡೊಂಕಾದಾಗ

ಬೆಳಿಗ್ಗೆ ಆರಕ್ಕೆ ಮುಂಚೆ ಫೋನು ಬಂದರೆ ನಮ್ಮ ಮನೆಯಲ್ಲಿ ಅದಕ್ಕೆ ಎರಡೇ ಅರ್ಥ. ಒಂದು, ಊರಿನಲ್ಲಿ ಯಾರೋ ಹೋಗಿದ್ದಾರೆ. ಇನ್ನೊಂದು, ತಿಪಟೂರಿನ ಭಾವನ ಕಂಪ್ಯೂಟರ್ ಹೋಗಿದೆ. ಮೊದಲನೆಯದು ದೂರದ ದಾಯಾದಿಯದಾದರೆ ತಲೆಗೆ ನೀರು ಹಾಕಿಕೊಂಡು ಮುಗಿಸಬಹುದು. ಎರಡನೆಯದರ ಸೂತಕ ಹತ್ತು ದಿನಕ್ಕೂ ಕಳೆಯುವುದಿಲ್ಲ.

"ಅಕ್ಷರ ಎಲ್ಲಾ ಹೋಯ್ತು ಕಣಯ್ಯಾ."

"ಎಲ್ಲಿಗೆ ಹೋಯ್ತು ಭಾವ?"

"ನಂಗೇನು ಗೊತ್ತು? ರಾತ್ರಿ ಅಂಗಡಿ ಬಾಗಿಲು ಹಾಕೋವಾಗ ಇತ್ತು. ಈಗ ನೋಡಿದ್ರೆ ಮದುವೆ ಹೆಣ್ಣಿನ ಹೆಸರಿನ ಜಾಗದಲ್ಲಿ ಡಾಲರ್ ಗುರುತು ಕೂತಿದೆ. ಇದನ್ನ ಪ್ರಿಂಟ್ ಹಾಕಿದ್ರೆ ವರದಕ್ಷಿಣೆ ಕೇಸಲ್ಲಿ ನನ್ನೂ ಸೇರಿಸ್ತಾರೆ."

ಭಾವನದು ಜೆರಾಕ್ಸ್, ಡಿ.ಟಿ.ಪಿ., ಲಗ್ನಪತ್ರಿಕೆಯ ಅಂಗಡಿ. ಅದೂ ವೈಶಾಖ ಮಾಸ. ಒಂದೇ ದಿನ ಹದಿನಾಲ್ಕು ಮುಹೂರ್ತ ಇರುವ ಕಾಲದಲ್ಲಿ ಅವರ ಕಂಪ್ಯೂಟರು ರಾತ್ರೋರಾತ್ರಿ ತಾನೇ ತಾನಾಗಿ ಅಪ್‌ಡೇಟ್ ಆಗಿ, ತಾನೇ ಆರಿ, ತಾನೇ ಹೊತ್ತಿಕೊಂಡು, ಬೆಳಿಗ್ಗೆ ನೀಲಿ ಪರದೆ ಮೇಲೆ 'ಎಲ್ಲವೂ ಸಿದ್ಧವಾಗಿದೆ' ಎಂಬರ್ಥದ ಮಂದಹಾಸ ಬೀರಿದೆ. ಎಲ್ಲವೂ ಸಿದ್ಧ, ಕನ್ನಡ ಒಂದು ಬಿಟ್ಟು. ಯಾವ ಕಂಪನಿಯ ಸಿಸ್ಟಮ್, ಯಾರ ಟೈಪಿಂಗ್ ತಂತ್ರಾಂಶ ಎಂದು ನಾನು ಹೇಳುವುದಿಲ್ಲ. ಭಾವ ಇವತ್ತಿಗೂ ಅವುಗಳ ಮೇಲೇ ಅನ್ನ ಉಣ್ಣುತ್ತಿದ್ದಾರೆ.

ಡಾಲರ್ ಗುರುತು ಎಲ್ಲಿಂದ ಬಂತು ಎಂದರೆ, ಅದು ಮೊದಲಿನಿಂದಲೂ ಅಲ್ಲೇ ಇತ್ತು. ಹಳೆಯ ಕಾಲದ ಕನ್ನಡ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಕುರ್ಚಿ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಬಣ್ಣ ಹಚ್ಚಿ, ಕಿರೀಟ ಕಟ್ಟಿ, ಕನ್ನಡದ ವೇಷದಲ್ಲಿ ರಂಗಸ್ಥಳಕ್ಕೆ ಬಿಡುತ್ತಿದ್ದರು. ಫಾಂಟು ಮಾಯವಾಯಿತೋ, ಬಣ್ಣ ಅಳಿಸಿದ ವೇಷಧಾರಿಯ ಹಾಗೆ ಒಳಗಿನ ಇಂಗ್ಲಿಷು ಪೆಚ್ಚಾಗಿ ನಿಲ್ಲುತ್ತದೆ. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತ್ತು. ಆದರೆ ಭಾವನ ಬಳಿ ಇಪ್ಪತ್ತು ವರ್ಷದ ಪತ್ರಿಕೆಗಳ ನಮೂನೆಗಳಿವೆ. ಗಣಪತಿ, ಕಳಸ, ಬಾಳೆಕಂಬ ಸಮೇತ. ಅವಷ್ಟೂ ವೇಷದವು. "ಯುನಿಕೋಡ್‌ಗೆ ಬದಲಾಯಿಸಿ ಭಾವ" ಅಂದರೆ, "ನೀನು ಬಂದು ಬದಲಾಯಿಸಿಕೊಡು" ಅನ್ನುತ್ತಾರೆ. ಅಲ್ಲಿಗೆ ಮಾತು ನಿಲ್ಲುತ್ತದೆ.

ಮೂರು ಕಡೆಗೆ ಫೋನು ಮಾಡಿದ್ದಾಯಿತು. ಸಿಸ್ಟಮ್‌ನವರು ಬಹಳ ಮರ್ಯಾದೆಯಿಂದ, "ನಮ್ಮದು ಸರಿಯಾಗೇ ಇದೆ ಸರ್, ನೀವು ಹಾಕಿಕೊಂಡಿರೋ ಥರ್ಡ್ ಪಾರ್ಟಿ ಸಾಫ್ಟ್‌ವೇರ್‌ನವರನ್ನ ಕೇಳಿ" ಅಂದರು. ಟೈಪಿಂಗ್ ತಂತ್ರಾಂಶದವರು, "ನಾವು ಐದು ವರ್ಷದಿಂದ ಒಂದು ಸಾಲೂ ಮುಟ್ಟಿಲ್ಲ ಸರ್, ನಿನ್ನೆ ನಡೀತಿತ್ತು ತಾನೆ? ಬದಲಾದವರನ್ನ ಕೇಳಿ" ಅಂದರು. ಐದು ವರ್ಷದಿಂದ ಏನೂ ಕೆಲಸ ಮಾಡಿಲ್ಲ ಎನ್ನುವುದನ್ನು ಇಷ್ಟು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಉದ್ಯೋಗ ಬೇರೆ ಯಾವುದಿದೆಯೋ ಕಾಣೆ. ಕಂಪ್ಯೂಟರ್ ಮಾರಿದ ಹುಡುಗನಿಗೆ ಇಂಥ ತತ್ತ್ವಜಿಜ್ಞಾಸೆಯೇ ಇಲ್ಲ. "ಫಾರ್ಮ್ಯಾಟ್ ಮಾಡ್ಬಿಡೋಣ ಸರ್, ಐನೂರು."

ಈ 'ಥರ್ಡ್ ಪಾರ್ಟಿ' ಎಂಬ ಮಾತು ಕೇಳಿ ಭಾವನಿಗೆ ಕೊಂಚ ಧೈರ್ಯ ಬಂತು. ಅವರ ಸ್ಕೂಟರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದು ಇಲ್ಲದೆ ಗಾಡಿಯನ್ನು ರಸ್ತೆಗೇ ಇಳಿಸುವ ಹಾಗಿಲ್ಲ. ನಾನು ಗುದ್ದಿದರೆ ಪೆಟ್ಟು ತಿಂದ ಮೂರನೆಯವನಿಗೆ ದುಡ್ಡು ಸಿಗಬೇಕು. ಅದಕ್ಕೇ ಆ ವಿಮೆ. "ಹಾಗಾದ್ರೆ ಕ್ಲೈಮ್ ಮಾಡೋಣ" ಅಂದರು. ನಾನು ವಿವರಿಸಬೇಕಾಯಿತು: ರಸ್ತೆಯಲ್ಲಿ ಮೂರನೆಯವನು ಎಂದರೆ ಪಾಪದವನು, ಕಂಪ್ಯೂಟರಿನಲ್ಲಿ ಮೂರನೆಯವನು ಎಂದರೆ ಪಾಪ ಹೊರುವವನು. ಮೊದಲನೆಯವರು ಸಿಸ್ಟಮ್ ಮಾಡಿದವರು, ಎರಡನೆಯವರು ನೀವು, ಮೂರನೆಯವರು ಅದರ ಮೇಲೆ ಓಡುವ ಸಾಫ್ಟ್‌ವೇರ್ ಮಾಡಿದವರು. ಇಲ್ಲಿ ಪೆಟ್ಟು ಬೀಳುವುದು ಎರಡನೆಯವರಿಗೆ. ಅದಕ್ಕೆ ಯಾವ ಕಾಯ್ದೆಯೂ ವಿಮೆ ಮಾಡಿಸಿಲ್ಲ. ಬದಲಿಗೆ ನೀವು ಓದದೆ ಒಪ್ಪಿಗೆ ಒತ್ತಿದ ಆ ಉದ್ದನೆಯ ಕರಾರಿನಲ್ಲಿ 'ಇದ್ದದ್ದು ಇದ್ದ ಹಾಗೆ ಕೊಟ್ಟಿದ್ದೇವೆ, ಮಿಕ್ಕಿದ್ದು ನಿಮ್ಮ ಹಣೆಬರಹ' ಎಂಬ ಅರ್ಥದ ಸಾಲು ಇರುತ್ತದೆ.

"ಅಂದ್ರೆ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನು."

"ಹೌದು ಭಾವ. ಕೂಸು ನೀವೇ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆ ಕಟ್ಟಿದವರು ನೆಲದ ಪರವಾಗಿ ಮೊದಲೇ ತೀರ್ಪು ಕೊಟ್ಟುಬಿಟ್ಟಿದ್ದಾರೆ. ನೆಲವನ್ನು ಒಮ್ಮೆ ರಸಮಟ್ಟ ಇಟ್ಟು ನೋಡೋಣ ಎಂದು ಯಾರಿಗೂ ಹೊಳೆಯಲಿಲ್ಲ. ಆ ಕಾಲದ ನೆಲ ಇದ್ದಲ್ಲೇ ಇರುತ್ತಿತ್ತು ಅಂತ ಕಾಣುತ್ತದೆ. ಈಗಿನ ನೆಲ ತಿಂಗಳ ಎರಡನೇ ಮಂಗಳವಾರ ತಾನಾಗಿ ಅಲುಗುತ್ತದೆ. ಮೈಕ್ರೋಸಾಫ್ಟ್‌ನವರು ವಿಂಡೋಸ್‌ಗೆ ತೇಪೆ ಬಿಡುವುದಕ್ಕೆ ಇಟ್ಟುಕೊಂಡ ದಿನವೇ ಅದು. ಪಂಚಾಂಗದಲ್ಲಿ ಮಂಗಳವಾರಕ್ಕೆ ಇರುವ ಹೆಸರು ಅವರಿಗೆ ತಿಳಿದಿರಲಿಕ್ಕಿಲ್ಲ. 2021ರ ಮಾರ್ಚ್‌ನಲ್ಲಿ ಬಂದ ಅಂಥದೊಂದು ತೇಪೆಯಾದ ಮೇಲೆ ಕೆಲವು ಕಂಪನಿಗಳ ಪ್ರಿಂಟರಿಗೆ ಪ್ರಿಂಟ್ ಎಂದು ಹೇಳಿದರೆ ಸಾಕು, ಇಡೀ ಕಂಪ್ಯೂಟರು ನೀಲಿ ಪರದೆ ಎಳೆದುಕೊಂಡು ಮಲಗುತ್ತಿತ್ತು. ಇಲ್ಲಿ ನೆಲವೇ ಡೊಂಕು, ಸಂಶಯವಿಲ್ಲ. ತಪ್ಪು ಒಪ್ಪಿಕೊಂಡು ಇನ್ನೊಂದು ತೇಪೆ ಹಾಕಿದರು.

ಆದರೆ ಕುಣಿಯುವವರೇನು ಸಾಮಾನ್ಯರಲ್ಲ. ಸಿಮ್‌ಸಿಟಿ ಎಂಬ ಊರು ಕಟ್ಟುವ ಆಟ, 1989ರದು, ನಿಮ್ಮ ಮಕ್ಕಳಲ್ಲದಿದ್ದರೆ ನೀವೇ ಆಡಿರುತ್ತೀರಿ. ಅದು ಒಂದು ವಿಚಿತ್ರ ಬಾಡಿಗೆದಾರ. ನೆನಪಿನ ಕೋಣೆಯೊಂದನ್ನು ಖಾಲಿ ಮಾಡಿ, ಕೀಲಿ ಸಿಸ್ಟಮ್‌ಗೆ ಒಪ್ಪಿಸಿ, ಆಮೇಲೆ ಹಿತ್ತಲಿನಿಂದ ನುಸುಳಿ ಅದೇ ಕೋಣೆಯಲ್ಲಿಟ್ಟ ಸಾಮಾನನ್ನು ಬಳಸುತ್ತಿತ್ತು. ಹಳೆಯ ವಿಂಡೋಸಿನಲ್ಲಿ ಕೋಣೆಗೆ ತಕ್ಷಣ ಬೇರೆ ಬಾಡಿಗೆದಾರ ಬರುತ್ತಿರಲಿಲ್ಲವಾದ್ದರಿಂದ ಕಳ್ಳತನ ಬಯಲಾಗಲಿಲ್ಲ. ವಿಂಡೋಸ್ 95 ಬರುವಾಗ ಮಾಲೀಕರು ಚುರುಕಾದರು, ಖಾಲಿಯಾದ ಕೋಣೆಯನ್ನು ಕೂಡಲೇ ಬೇರೆಯವರಿಗೆ ಕೊಡತೊಡಗಿದರು. ಸಿಮ್‌ಸಿಟಿ ಬಂದು ನೋಡಿದರೆ ತನ್ನ ಕೋಣೆಯಲ್ಲಿ ಪರರ ಸಂಸಾರ! ಆಟ ಮುಗ್ಗರಿಸಿತು. ಈಗ ತಪ್ಪು ಯಾರದು? ಬೆಂಗಳೂರಿನ ಯಾವ ಮನೆ ಮಾಲೀಕನನ್ನು ಕೇಳಿದರೂ ಹೇಳಿಯಾನು. ಹೇಳಿ, ಅಡ್ವಾನ್ಸಿನಲ್ಲಿ ಬಣ್ಣದ ಖರ್ಚನ್ನೂ ಮುರಿದುಕೊಂಡಾನು. ಮೈಕ್ರೋಸಾಫ್ಟ್ ಮಾಡಿದ್ದೇ ಬೇರೆ. 'ಓಡುತ್ತಿರುವುದು ಸಿಮ್‌ಸಿಟಿಯೋ?' ಎಂದು ವಿಂಡೋಸ್ 95 ವಿಚಾರಿಸುವ ಹಾಗೆ ಮಾಡಿ, ಹೌದಾದರೆ ಅದು ಬಿಟ್ಟ ಕೋಣೆಯನ್ನು ಬೇಗ ಯಾರಿಗೂ ಕೊಡಬೇಡ ಎಂದು ಒಂದು ವಿಶೇಷ ಕಟ್ಟುಪಾಡು ಬರೆದರು. ಕಳ್ಳ ಬರುವ ಹೊತ್ತಿಗೆ ದೀಪ ಹಚ್ಚಿಟ್ಟ ಹಾಗೆ.

ಇದು ಔದಾರ್ಯ ಎಂದು ಕಣ್ಣು ಒರೆಸಿಕೊಳ್ಳಬೇಡಿ. ಹೊಸ ವಿಂಡೋಸ್ ಹಾಕಿದ ಮೇಲೆ ಆಟ ನಿಂತರೆ ಜನ ಬಯ್ಯುವುದು ವಿಂಡೋಸನ್ನೇ, ಅಂಗಡಿಗೆ ವಾಪಸ್ಸು ಹೋಗುವುದೂ ವಿಂಡೋಸಿನ ಪೆಟ್ಟಿಗೆಯೇ ಎಂದು ಅವರಿಗೆ ಗೊತ್ತಿತ್ತು. ವಿಂಡೋಸ್ 95 ತಂಡದ ಮುಖ್ಯಸ್ಥರೊಬ್ಬರು ತಮ್ಮ ಪಿಕಪ್ ಗಾಡಿ ತೆಗೆದುಕೊಂಡು ಸಾಫ್ಟ್‌ವೇರ್ ಅಂಗಡಿಗೆ ಹೋಗಿ, ಅಲ್ಲಿದ್ದ ಪಿಸಿ ಸಾಫ್ಟ್‌ವೇರ್‌ಗಳಲ್ಲಿ ಒಂದೊಂದು ಪ್ರತಿ ಕೊಂಡು ಗಾಡಿ ತುಂಬಿಸಿ ತಂದು, ಕಚೇರಿಯ ಕ್ಯಾಂಟೀನಿನಲ್ಲಿ ಹರವಿ, ತಲೆಗಿಷ್ಟು ಪರೀಕ್ಷೆ ಮಾಡಿ ಎಂದು ಹಂಚಿದರಂತೆ. ಇದನ್ನು ಅಲ್ಲೇ ಕೆಲಸ ಮಾಡುತ್ತಿದ್ದ ರೇಮಂಡ್ ಚೆನ್ ಬರೆದಿದ್ದಾರೆ. ನೆಲ ಅಗೆಯುವ ಮುಂಚೆ ಊರಿನ ಎಲ್ಲ ನರ್ತಕಿಯರನ್ನು ಕರೆಸಿ ಒಂದೊಂದು ಹೆಜ್ಜೆ ಹಾಕಿಸಿ ನೋಡಿದ್ದು, ನನಗೆ ಗೊತ್ತಿರುವಂತೆ, ಇದೊಂದೇ ಸಲ.

ಇನ್ನೊಂದು ಆಟದ ಕತೆ ಇದಕ್ಕಿಂತ ಸೊಗಸು. ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆಂಡ್ರಿಯಾಸ್, 2004ರದು. ಅದರಲ್ಲಿ ಸ್ಕಿಮ್ಮರ್ ಎಂಬ ನೀರಿನ ಮೇಲಿಳಿಯುವ ವಿಮಾನ ಇದೆ. ಇಪ್ಪತ್ತು ವರ್ಷ ಹಾರಿದ ಈ ವಿಮಾನ, ವಿಂಡೋಸ್ 11ರ 24ಎಚ್2 ಎಂಬ ಅಪ್‌ಡೇಟ್ ಹಾಕಿಕೊಂಡವರ ಆಟದಲ್ಲಿ ಕಾಣೆಯಾಯಿತು. ಹಟ ಮಾಡಿ ಕರೆಸಿಕೊಂಡು ಹತ್ತಿದರೆ ಆಡುವವನು ಲೆಕ್ಕಕ್ಕೆ ಸಿಗದಷ್ಟು ಎತ್ತರಕ್ಕೆ, ಬ್ರಹ್ಮಾಂಡದ ಆಚೆಗೇ, ಚಿಮ್ಮಿಹೋಗುತ್ತಿದ್ದ. ಎಲ್ಲರೂ ಒಕ್ಕೊರಲಿನಿಂದ, "ನೋಡಿ, ಅಪ್‌ಡೇಟ್ ಕೆಡಿಸಿತು" ಅಂದರು. 2025ರಲ್ಲಿ ಒಬ್ಬ ಪ್ರೋಗ್ರಾಮರ್ ಪಟ್ಟು ಹಿಡಿದು ಒಳಗೆ ಇಳಿದು ನೋಡಿದ. ಹಿಂದಿನ ಆಟವಾದ ವೈಸ್ ಸಿಟಿಯಲ್ಲಿ ಈ ಸ್ಕಿಮ್ಮರ್ ದೋಣಿಗಳ ಲೆಕ್ಕದಲ್ಲಿತ್ತು. ದೋಣಿಗೆ ಚಕ್ರ ಯಾಕೆ? ಅದರ ವಿವರದ ಸಾಲಿನಲ್ಲಿ ಚಕ್ರದ ಅಳತೆಯೇ ಇಲ್ಲ. ಹೊಸ ಆಟದಲ್ಲಿ ಅದಕ್ಕೆ ಬಡ್ತಿ ಕೊಟ್ಟು ವಿಮಾನ ಮಾಡಿದರು, ಅಳತೆ ತುಂಬುವುದನ್ನು ಮರೆತರು. ಮತ್ತೆ ಇಪ್ಪತ್ತು ವರ್ಷ ಹೇಗೆ ಹಾರಿತು? ಪಟ್ಟಿಯಲ್ಲಿ ಅದಕ್ಕಿಂತ ಹಿಂದಿನ ವ್ಯಾನಿನ ಚಕ್ರದ ಅಳತೆ, ನೆನಪಿನ ಆ ಮೂಲೆಯಲ್ಲಿ ಅಳಿಸದೆ ಉಳಿದಿರುತ್ತಿತ್ತು. ಆಟ ಅದನ್ನೇ ಓದಿಕೊಳ್ಳುತ್ತಿತ್ತು.

ನಮ್ಮ ಹೈಸ್ಕೂಲಿನಲ್ಲಿ ಸಮಾಜ ಮೇಷ್ಟ್ರು ತಮ್ಮ ಪೀರಿಯಡ್‌ನಲ್ಲಿ ಬೋರ್ಡಿನ ಮೇಲೆ ಏನೂ ಬರೆಯುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಬಂದರೆ, ಹಿಂದಿನ ಪೀರಿಯಡ್‌ನವರು ಬಿಟ್ಟುಹೋದ ಬರಹಕ್ಕೇ ಬೆತ್ತ ತೋರಿಸಿ ಗಂಭೀರವಾಗಿ ನಿಲ್ಲುತ್ತಿದ್ದರು. ಹೊಸ ಜವಾನ ಬಂದು ಪ್ರತಿ ಪೀರಿಯಡ್ಡಿಗೂ ಬೋರ್ಡು ಒರೆಸತೊಡಗಿದ ದಿನ ಅವರ ಕತೆ ಮುಗಿಯಿತು. ಮೇಷ್ಟ್ರು ಬಯ್ದದ್ದು ಜವಾನನನ್ನೇ. ವಿಂಡೋಸಿನ ಹೊಸ ಆವೃತ್ತಿ ಮಾಡಿದ್ದೂ ಅಷ್ಟೇ. ತನ್ನ ಯಾವುದೋ ಒಳಗೆಲಸಕ್ಕೆ ಆ ಮೂಲೆಯನ್ನು ಬಳಸಿ, ಹಳೆಯ ಬರಹದ ಮೇಲೆ ಬೇರೇನನ್ನೋ ಬರೆಯಿತು. ಗೂಗಲ್‌ನಲ್ಲಿ ಎಂಜಿನಿಯರ್ ಆಗಿದ್ದ ಹೈರಮ್ ರೈಟ್ ಹೆಸರಿನಲ್ಲಿ ಒಂದು 'ನಿಯಮ'ವೇ ಇದೆ: ಬಳಸುವವರು ಸಾಕಷ್ಟು ಜನ ಇದ್ದರೆ, ನೀನು ಮಾತು ಕೊಟ್ಟಿದ್ದಿರಲಿ ಬಿಡಲಿ, ಹೊರಗೆ ಕಾಣುವ ನಿನ್ನ ಒಂದೊಂದು ಚಾಳಿಯನ್ನೂ ಯಾರೋ ಒಬ್ಬ ನೆಚ್ಚಿಕೊಂಡಿರುತ್ತಾನೆ. ಹಿತ್ತಲ ನಲ್ಲಿ ಸೋರುತ್ತದೆಂದು ರಿಪೇರಿ ಮಾಡಿಸಿ ನೋಡಿ, ಕಾಗೆ ಬಂದು ಬೈದು ಹೋಗುತ್ತದೆ.

ಇಷ್ಟೆಲ್ಲ ಹೇಳುವಾಗ ಭಾವ ಒಂದು ಹೂಂಕಾರ ಹಾಕಿದರು. "ಅಂದ್ರೆ ನೀನು ನೆಲದ ಕಡೆ." ಅಲ್ಲ ಭಾವ, ತಾಳಿ.

ಪಂಕ್ತಿ ಊಟದಲ್ಲಿ ಎಲ್ಲರನ್ನೂ ಒಂದೊಂದು ಎಲೆ ಪಕ್ಕಕ್ಕೆ ಸರಿಸಬೇಕಾಗಿದೆ ಅಂದುಕೊಳ್ಳಿ. ಖಾಲಿ ಎಲೆ ಯಾವ ತುದಿಯಲ್ಲಿದೆಯೋ ಆ ತುದಿಯವರನ್ನು ಮೊದಲು ಎಬ್ಬಿಸಬೇಕು. ತಪ್ಪಿ ಈ ತುದಿಯಿಂದ ಶುರು ಮಾಡಿದರೆ ಮೊದಲನೆಯವರು ಎರಡನೆಯವರ ತೊಡೆ ಮೇಲೆ, ಹುಳಿ ಪಾಯಸದ ಮೇಲೆ. ಸಿ ಭಾಷೆಯಲ್ಲಿ ಮಾಹಿತಿಯನ್ನು ಹೀಗೆ ಸರಿಸಲು ಇಬ್ಬರು ಬಡಿಸುವವರಿದ್ದಾರೆ. ಮೆಮ್‌ಮೂವ್ ಎಂಬಾತ ಎರಡೂ ತುದಿ ನೋಡಿ ಸರಿಸುತ್ತಾನೆ. ಮೆಮ್‌ಕಾಪಿ ಎಂಬಾತ ಚುರುಕು. ಆದರೆ ಮೊದಲೇ ಹೇಳಿಬಿಟ್ಟಿದ್ದಾನೆ, 'ಹಳೇ ಸಾಲೂ ಹೊಸ ಸಾಲೂ ಒಂದರ ಮೇಲೊಂದು ಬರೋ ಹಾಗಿದ್ರೆ ನನ್ನನ್ನ ಕರೀಬೇಡಿ.' ಅಡೋಬಿಯ ಫ್ಲ್ಯಾಶ್ ಅವನನ್ನೇ ಕರೆದಿತ್ತು. ಅವನು ಯಾವಾಗಲೂ ಮುಂದಿನಿಂದಲೇ ಎಬ್ಬಿಸಿಕೊಂಡು ಬರುತ್ತಿದ್ದುದರಿಂದ ಏನೂ ಆಗಿರಲಿಲ್ಲ. 2010ರಲ್ಲಿ ಫೆಡೋರಾ 14 ಎಂಬ ಲಿನಕ್ಸ್ ಸಿಸ್ಟಮ್ ಬಂದಾಗ, ಕೆಲವು ಪ್ರೊಸೆಸರ್‌ಗಳಲ್ಲಿ ವೇಗವಾಗುತ್ತದೆಂದು ಮೆಮ್‌ಕಾಪಿಗೆ ಹಿಂದಿನಿಂದ ಎಬ್ಬಿಸುವ ಅಭ್ಯಾಸ ಮಾಡಿಸಿದರು. ಫ್ಲ್ಯಾಶ್‌ನಲ್ಲಿ ಬರುತ್ತಿದ್ದ ಹಾಡುಗಳೆಲ್ಲ ಗೊರಗೊರ ಅಂದವು.

ನಿಯಮದ ಪುಸ್ತಕ ಹಿಡಿದವರು, "ತಪ್ಪು ಫ್ಲ್ಯಾಶ್‌ನದು, ಮುಗಿಯಿತು" ಅಂದರು. ಆಗ ದೂರು ಕೊಟ್ಟವರ ಪರವಾಗಿ ವಾದಕ್ಕಿಳಿದವರು ಯಾರೆಂದರೆ ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್. ಬಳಸುವವನಿಗೆ ಪುಸ್ತಕ ಬೇಡ, ನಿನ್ನೆ ಕೇಳುತ್ತಿದ್ದದ್ದು ಇವತ್ತು ಕೇಳುತ್ತಿಲ್ಲ, ಅಷ್ಟೇ ಅವನ ವ್ಯವಹಾರ ಎಂಬುದು ಅವರ ವಾದದ ತಾತ್ಪರ್ಯ. ಎರಡು ವರ್ಷದ ಮೇಲೆ, 2012ರ ಡಿಸೆಂಬರಿನಲ್ಲಿ, ಅವರ ಸ್ವಂತ ತಂಡದವರೊಬ್ಬರು, ಲಿನಕ್ಸಿನ ತಿರುಳಾದ ಕರ್ನೆಲ್‌ನಲ್ಲಿ ಆದ ಬದಲಾವಣೆಯಿಂದ ಧ್ವನಿಯ ಸಾಫ್ಟ್‌ವೇರ್‌ಗಳು ಕೆಟ್ಟಾಗ "ಅದು ಅವರ ತಪ್ಪು" ಎಂದು ಜಾರಿಕೊಂಡರು. ಟೋರ್ವಾಲ್ಡ್ಸ್ ನಾಲ್ಕು ಜನರ ಮುಂದೆ ಆತನ ಜನ್ಮ ಜಾಲಾಡಿದರು. ಬಯ್ಗುಳ ನನಗೆ ಒಪ್ಪಿಗೆಯಿಲ್ಲ. ಮನೆಯ ಯಜಮಾನನ ಬಾಯಿ ಅಷ್ಟು ಕೆಟ್ಟದಾಗಿರಬಾರದು. ಆದರೆ ಕಟ್ಟಳೆ ಒಪ್ಪಿಗೆ: ನಾವು ಬದಲಾದದ್ದರಿಂದ ಅವರದು ಕೆಟ್ಟರೆ, ಅದು ನಮ್ಮ ದೋಷ.

ಮೆಮ್‌ಕಾಪಿಯ ಜಗಳ ಇತ್ಯರ್ಥವಾದ ರೀತಿ ನಮ್ಮ ಮದುವೆ ಮನೆಯ ಹಿರಿಯರಿಗೆ ಮೆಚ್ಚುಗೆಯಾಗುವಂಥದು. ಮೊದಲೇ ಸಿದ್ಧವಾಗಿ ಬಂದಿದ್ದ ಹಳೆಯ ಸಾಫ್ಟ್‌ವೇರ್‌ಗಳು ಮೆಮ್‌ಕಾಪಿಯನ್ನು ಕರೆದರೆ ಗೊತ್ತಾಗದ ಹಾಗೆ ನಿಧಾನಸ್ಥನನ್ನೇ ಕಳಿಸುವುದು, ಇನ್ನು ಮುಂದೆ ಹೊಸದಾಗಿ ಕಟ್ಟಿಕೊಂಡು ಬರುವವರಿಗೆ ಹೊಸ ಚುರುಕಿನವನು. ಹಳೇ ಬೀಗರಿಗೆ ಹಳೇ ಮರ್ಯಾದೆ.

ಆಪಲ್‌ನವರದು ಇದಕ್ಕೆ ತದ್ವಿರುದ್ಧ ವಂಶ. ಅವರು ನೋಟೀಸು ಕೊಟ್ಟು ಮನೆ ಕೆಡವುವವರು. 32 ಬಿಟ್‌ನ ಸಾಫ್ಟ್‌ವೇರ್‌ಗಳಿಗೆ ಕಾಲ ಮುಗಿಯಿತು ಎಂದು 2018ರಿಂದ ಪರದೆಯ ಮೇಲೇ ಎಚ್ಚರಿಕೆ ತೋರಿಸಿದರು. 2019ರ ಅಕ್ಟೋಬರಿನಲ್ಲಿ ಕ್ಯಾಟಲಿನಾ ಎಂಬ ಹೊಸ ಸಿಸ್ಟಮ್ ಬಂತು, ಕೆಡವಿದರು. ನೋಟೀಸು ಬಂದದ್ದೂ ನಿಜ, ಎಷ್ಟೋ ಸಾಫ್ಟ್‌ವೇರ್ ಮಾಡಿದವರು ಅಂಗಡಿಯನ್ನೇ ಮುಚ್ಚಿಕೊಂಡು ಹೋಗಿದ್ದರಿಂದ ಅದನ್ನು ತೆಗೆದುಕೊಳ್ಳಲು ಯಾರೂ ಇರಲಿಲ್ಲ ಎನ್ನುವುದೂ ನಿಜ.

ಕುಣಿಯುವವಳೇ ನೆಲ ಕುಸಿಸಿದ ಪ್ರಸಂಗವೂ ಇದೆ. 2024ರ ಜುಲೈ 19. ನೋಡುನೋಡುತ್ತಿದ್ದಂತೆ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿಯಾದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಪೆನ್ನು ಹುಡುಕಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಎಲ್ಲರೂ ಮೈಕ್ರೋಸಾಫ್ಟನ್ನು ಬೈದರು. ಮಾಡಿದ್ದು ಕ್ರೌಡ್‌ಸ್ಟ್ರೈಕ್ ಎಂಬ ಮೂರನೆಯವರ ಕಾವಲು ಸಾಫ್ಟ್‌ವೇರಿನ ಅಪ್‌ಡೇಟ್. ಇಲ್ಲೂ ಪಂಕ್ತಿಯದೇ ಎಡವಟ್ಟು: ಪಟ್ಟಿಯಲ್ಲಿ 21 ಎಲೆ ಎಂದು ಬರೆದಿತ್ತು, ಹಾಕಿದ್ದು 20. ಬಡಿಸುವವನು ಇಲ್ಲದ 21ನೆಯ ಎಲೆಗೆ ಕೈ ಹಾಕಿ ಬಿದ್ದ. ಬಿದ್ದದ್ದು ಊಟದ ಮನೆಯಲ್ಲಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಬಿದ್ದದ್ದು ಗರ್ಭಗುಡಿಯಲ್ಲಿ, ಅಂದರೆ ಕರ್ನೆಲ್‌ನಲ್ಲಿ. ಅಲ್ಲಿ ಹೊರಗಿನವರನ್ನು ಬಿಟ್ಟುಕೊಂಡದ್ದೇಕೆ ಎಂದು ಕೇಳಿದರೆ ಮೈಕ್ರೋಸಾಫ್ಟ್‌ನವರು ಯುರೋಪಿನ ಕಡೆ ಬೆರಳು ತೋರಿಸಿದರು: 2009ರಲ್ಲಿ ಅಲ್ಲಿನ ಆಯೋಗದ ಜೊತೆ ಆದ ಒಪ್ಪಂದದಂತೆ, ನಮಗಿರುವ ಪ್ರವೇಶ ಬೇರೆ ಕಾವಲಿನವರಿಗೂ ಇರಬೇಕು, ಏನು ಮಾಡೋಣ? ಸುಮಾರು 7,000 ವಿಮಾನಯಾನ ರದ್ದು ಮಾಡಿದ ಡೆಲ್ಟಾ ಕಂಪನಿ ಕ್ರೌಡ್‌ಸ್ಟ್ರೈಕ್ ಮೇಲೆ ಕೋರ್ಟಿಗೆ ಹೋಯಿತು. ಬೇರೆ ಏರ್‌ಲೈನ್ಸ್‌ನವರು ಬೇಗ ಎದ್ದರಲ್ಲ, ನೀವು ಏಳದಿದ್ದದ್ದು ನಿಮ್ಮ ಸೋಮಾರಿತನ ಎಂಬ ಧಾಟಿಯ ಉತ್ತರ ಬಂತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರೆ. ಇಲ್ಲಿ ಕೊತ್ತಿಯೂ ವಕೀಲರನ್ನಿಟ್ಟಿತ್ತು.

ನನ್ನನ್ನು ಕೇಳಿದರೆ, ತಪ್ಪು ಬೇರೆ, ಹೊಣೆ ಬೇರೆ. ತಪ್ಪು ಮುಕ್ಕಾಲು ಪಾಲು ಕುಣಿಯುವವರದೇ ಇರುತ್ತದೆ. ಬೋರ್ಡು ಅಳಿಸದ ಪುಣ್ಯದಲ್ಲಿ ಬದುಕಿದವರು ಅವರು. ಆದರೂ ಹೊಣೆ ನೆಲದವರ ಮೇಲೇ ಬರಬೇಕು. ಯಾಕೆಂದರೆ ಯಾವ ರಾತ್ರಿ ಅಗೆಯುತ್ತೇವೆ ಎನ್ನುವುದು ಗೊತ್ತಿರುವುದು ಅವರೊಬ್ಬರಿಗೇ. ಕಂದೀಲು ಇಡಬೇಕಾದವನು ಗುಂಡಿ ತೋಡಿದವನು. ಕತ್ತಲಲ್ಲಿ ನಡೆಯುವವನು ಕುಡಿದಿದ್ದಾನೋ ಇಲ್ಲವೋ ಆಮೇಲಿನ ಮಾತು. ಒಂದೇ ಒಂದು ಸಲ ಗುಂಡಿಗೆ ಬಿದ್ದವರು ಗೆದ್ದದ್ದು ನನಗೆ ಗೊತ್ತು. ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸ ಏಜೆನ್ಸಿ ನಡೆಸುತ್ತಿದ್ದ ಮಹಿಳೆಯೊಬ್ಬರು, ತಾನು ಕೇಳದೆ ಬಂದ ವಿಂಡೋಸ್ 10ರಿಂದ ಕಂಪ್ಯೂಟರ್ ಕೆಟ್ಟು ವ್ಯಾಪಾರ ಹೋಯಿತೆಂದು ದಾವೆ ಹೂಡಿ 10,000 ಡಾಲರ್ ಪಡೆದರು. 2016ರ ಸುದ್ದಿ.

ಹಾಗೆಂದು ಭಾವ ನಿರಪರಾಧಿಯಲ್ಲ. ಆರು ತಿಂಗಳಿಂದ ಅವರ ಪರದೆ 'ಈಗ ಅಪ್‌ಡೇಟ್ ಮಾಡಲೇ?' ಎಂದು ಕೇಳುತ್ತಿತ್ತು. ಅವರು ಪ್ರತಿ ಸಲವೂ 'ಆಮೇಲೆ' ಒತ್ತುತ್ತಿದ್ದರು. ಹಳ್ಳಿಮನೆಯ ಬಾಗಿಲಲ್ಲಿ ದೆವ್ವಕ್ಕೆ 'ನಾಳೆ ಬಾ' ಎಂದು ಬರೆದ ಹಾಗೆ. ಈ ದೆವ್ವ ಹಳೆಯದರಷ್ಟು ಮುಗ್ಧ ಅಲ್ಲ, ಒಂದು ದಿನ ಓದದೆಯೇ ಒಳಗೆ ಬಂತು. ನಾಳೆ ಬಾ ಎನ್ನುವುದೂ ಕ್ಷೇಮವಲ್ಲ ಎನ್ನಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಮಾರಿ ಬ್ರಿಟನ್ನಿನ ಆಸ್ಪತ್ರೆಗಳವರೆಗೆ ಹೊಕ್ಕಿತಲ್ಲ, ಅದಕ್ಕೆ ತೇಪೆ ಮಾರ್ಚ್‌ನಲ್ಲೇ ಬಂದಿತ್ತು.

ಪತ್ರಿಕೆ ಅಚ್ಚಾಗಲೇಬೇಕಿತ್ತು. ನಾನು ಮಧ್ಯಾಹ್ನದ ರೈಲಿಗೆ ತಿಪಟೂರು ಸೇರಿದೆ. ಅಕ್ಕ ಅಟ್ಟದ ಮೇಲೆ ಹಳೇ ಸೀರೆ ಹೊದಿಸಿಟ್ಟಿದ್ದ ಭಾವನ ಮೊದಲ ಕಂಪ್ಯೂಟರನ್ನು ನೆನಪು ಮಾಡಿದಳು. ಇಂಟರ್‌ನೆಟ್ಟಿನ ಗಾಳಿ ಸೋಕದ, ಅಪ್‌ಡೇಟಿನ ಹೆಸರು ಕೇಳದ ಯಂತ್ರ. ಧೂಳು ಕೊಡವಿ ಹಚ್ಚಿದೆವು. ಮಂಗಳಾರತಿಯಾದಷ್ಟು ಸದ್ದು ಮಾಡಿಕೊಂಡು ಎದ್ದಿತು; ಅಕ್ಷರಗಳೂ ವೇಷ ತೊಟ್ಟು ಎದ್ದವು. ಡಾಲರ್ ಹೋಗಿ ಚಿ|| ಸೌ|| ಬಂದಳು. ಭಾವ ಪ್ರೂಫನ್ನೂ ನೋಡದೆ ಐನೂರು ಪ್ರತಿ ಹೊಡೆದರು.

ಮರುದಿನ ಹೆಣ್ಣಿನ ತಂದೆ ಅಂಗಡಿಗೆ ಬಂದರು. ಪತ್ರಿಕೆಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿ, ಕನ್ನಡಕ ತೆಗೆದು, "ನಮ್ಮ ತಾಯಿ ಹೆಸರೇ ಬಿಟ್ಟುಹೋಗಿದೆಯಲ್ಲಾ" ಅಂದರು. ಅವರು ಬರೆದುಕೊಟ್ಟ ಚೀಟಿ ಭಾವನ ಮೇಜಿನ ಮೇಲೇ ಇತ್ತು. ಅಜ್ಜಿಯ ಹೆಸರು ಎರಡನೇ ಸಾಲಿನಲ್ಲಿ ಕಪ್ಪು ಮಸಿಯಲ್ಲಿ ಕಾಣುತ್ತಿತ್ತು. ಭಾವ ಅದರ ಮೇಲೆ ಮೆಲ್ಲಗೆ ಕ್ಯಾಲ್ಕುಲೇಟರ್ ಸರಿಸಿದರು.

"ಏನು ಹೇಳೋದು ಸ್ವಾಮಿ, ಮೊನ್ನೆ ರಾತ್ರಿ ಕಂಪ್ಯೂಟರ್ ಅಪ್‌ಡೇಟ್ ಆಗ್ಬಿಟ್ಟಿತ್ತು."

ಅವರು ನಿಟ್ಟುಸಿರು ಬಿಟ್ಟು ಕುರ್ಚಿ ಎಳೆದುಕೊಂಡರು. "ಅಯ್ಯೋ, ನಮ್ಮ ಸೊಸೈಟೀಲೂ ಹಾಗೇ ಆಯ್ತಲ್ಲ ಸ್ವಾಮಿ, ಹೋದ ತಿಂಗಳು. ಯಾರನ್ನ ಕೇಳೋದು ಹೇಳಿ."

ಭಾವ ನನ್ನ ಕಡೆ ತಿರುಗಿಯೂ ನೋಡದೆ ಎರಡು ಕಾಫಿ ಹೇಳಿದರು.